ದುಂಡೆಲೆಯ ಗಿಡಕ್ಕೆ ಯಾವ ಬಟ್ಟೆ ಕಟ್ಟಿದ್ದಿರಿ?

ಅತ್ಯಾ,

ಈಗ ರಾತ್ರಿ ಎರಡೂ ಇಪ್ಪತ್ತು. ಬಾಲ್ಕನಿಯಲ್ಲಿ ಕುಂಡ ಎಳೆದ ಸದ್ದಿಗೆ ಎಚ್ಚರವಾಯಿತು. ಕಲ್ಲಿನ ನೆಲದ ಮೇಲೆ ಮಣ್ಣಿನ ಕುಂಡವನ್ನು ಗೇಣು ಗೇಣಾಗಿ ಎಳೆದರೆ ಬರುವ ಗರಗರ ಸದ್ದು, ನಡುವೆ ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟು ಹೊತ್ತು ಸುಮ್ಮನೆ, ಮತ್ತೆ ಗರಗರ. ಬಿಸಿಲು ಏರುವ ಮುಂಚೆ ನಿಮ್ಮ ಥಂಡಿ ಗಿಡವನ್ನು, ಆ ಹೈಡ್ರೇಂಜಿಯಾವನ್ನು, ಗೋಡೆಯ ಕಡೆ ಸರಿಸುತ್ತಿದ್ದೀರಿ ಅಂದುಕೊಂಡು ಮಗ್ಗಲು ಬದಲಿಸಿದೆ. ಎರಡನೆಯ ಸಲ ಸದ್ದಾದಾಗ, ನೀವು ಹೋಗಿ ಐದು ತಿಂಗಳಾಯಿತೆಂಬುದು ನೆನಪಾಯಿತು. ಎದ್ದು ನೋಡಿದರೆ ಬಾಲ್ಕನಿಯಲ್ಲಿ ಯಾರೂ ಇಲ್ಲ. ಮೇಲಿನ ಫ್ಲಾಟಿನ ಹುಡುಗರು ಮಾದಾಪುರದಿಂದ ಶಿಫ್ಟ್ ಮುಗಿಸಿ ಬಂದು ಮಂಚ ಎಳೆದುಕೊಂಡಿರಬೇಕು. ಹಾಗೇ ಇರಬೇಕು, ಅಲ್ಲವೆ?

ನಾನು ಮಲಗಬಾರದಿತ್ತು. ಗಂಟೆಗೊಮ್ಮೆ ಚಿನ್ನಿಯನ್ನು ಎಬ್ಬಿಸಿ ನೋಡಿ ಎಂದು ಡಾಕ್ಟರ್ ಹೇಳಿದ್ದರು. ಒಂದು ಗಂಟೆಗೆ ಎಬ್ಬಿಸಿದ್ದೆ, ಆಮೇಲೆ ಗೋಡೆಗೊರಗಿ ಕೂತವಳಿಗೆ ಯಾವಾಗ ಕಣ್ಣು ಹತ್ತಿತೋ. ಈಗ ಅವಳ ಅಂಗಾಲು ಕೆರೆದೆ. ಕಾಲು ಎಳೆದುಕೊಂಡಳು, ಮುಖ ಸೊಟ್ಟ ಮಾಡಿದಳು, ಮತ್ತೆ ಮಲಗಿದಳು. ಹದಿಮೂರು ತಿಂಗಳ ಕೂಸು ನಡುರಾತ್ರಿ ಮಲಗಿದರೆ ಅದು ನಿದ್ದೆಯೋ, ವಿಷದ ಮಂಪರೋ? ಹೇಗೆ ತಿಳಿಯುವುದು? ನೀವಿದ್ದಿದ್ದರೆ ಕುತ್ತಿಗೆಯ ಹಿಂದೆ ಕೈಯಿಟ್ಟು ಹೇಳಿಬಿಡುತ್ತಿದ್ದಿರಿ. ನಾನು ಕೈಯಿಟ್ಟರೆ ನನಗೆ ಏನೂ ತಿಳಿಯುವುದಿಲ್ಲ.

ಇವತ್ತು ಬೆಳಿಗ್ಗೆ ನಾನೇ ಥಂಡಿ ಗಿಡವನ್ನು ಸ್ಟೂಲಿನಿಂದ ಕೆಳಗಿಳಿಸಿದ್ದೆ. ಆಷಾಢದ ಗಾಳಿ, ಮೂರನೆಯ ಮಹಡಿ. ಇಳಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಸಂಜೆ ನಾನು ಒಗ್ಗರಣೆ ಹಾಕುತ್ತಿದ್ದೆ. ಮಲ್ಲಮ್ಮ ಹಾಲ್ ಒರೆಸುತ್ತಿದ್ದಳು. ಅವಳೇ ಕೂಗಿದ್ದು, "ಅಕ್ಕಾರ, ಕೂಸು ನಡೀತ್ರಿ! ನಾಕು ಹೆಜ್ಜಿ ಇಡ್ತು!" ಅಂತ. ಹೌದು ಅತ್ಯಾ, ನಿಮ್ಮ ಮೊಮ್ಮಗಳು ಇವತ್ತು ನಡೆದಳು. ನಾನು ಒಲೆ ಆರಿಸಿ ಬರುವಷ್ಟರಲ್ಲಿ ನಿಮ್ಮ ಕುಂಡದ ಮುಂದೆ ಕೂತಿದ್ದಳು. ಬಾಯಿಯ ಎರಡೂ ಕಡೆ ಹಸಿರು ಜೊಲ್ಲು. ಬೆರಳು ಹಾಕಿ ತೆಗೆದರೆ ಅಗಿದ ಎಲೆಯ ಮುದ್ದೆ. ಥಂಡಿ ಗಿಡದ ಎಲೆಯಾಗಿರಲಿಲ್ಲ ಅದು. ಅದರ ಬುಡದಲ್ಲಿ ನೀವು ಹಚ್ಚಿದ ದುಂಡೆಲೆಯ ಸಣ್ಣ ಗಿಡವಿದೆಯಲ್ಲ, ಹೆಸರಿಲ್ಲದ್ದು, ಅದರ ಮೂರು ತೊಟ್ಟು ಮುರಿದಿದ್ದವು. ಎಷ್ಟು ನುಂಗಿದಳೋ, ಎಷ್ಟು ಉಗುಳಿದಳೋ...

ಕೂಕಟ್‌ಪಲ್ಲಿಯ ಅದೇ ಸಣ್ಣ ಕ್ಲಿನಿಕ್ಕಿಗೆ ಓಡಿದೆ. ಎಲೆಯನ್ನೂ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿದ್ದೆ. ಡಾಕ್ಟರ್ ಅವಳ ಬಾಯಿ, ಕಣ್ಣು, ಹೊಟ್ಟೆ ನೋಡಿದರು. ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿ ಗಿಡದ ಹೆಸರೇನೆಂದು ತೆಲುಗಿನಲ್ಲಿ ಕೇಳಿದರು. ಗೊತ್ತಿಲ್ಲ ಅಂದೆ. ನಿಮ್ಮದೇ ಮನೆಯ ಕುಂಡ ಅಲ್ಲವೇನಮ್ಮ ಎಂದರು. ಅತ್ತೆ ಹಚ್ಚಿದ್ದು ಅಂದೆ. ಸದ್ಯಕ್ಕೆ ಹೆದರುವಂಥದ್ದೇನೂ ಕಾಣುತ್ತಿಲ್ಲ, ಆದರೆ ವಾಂತಿಯಾದರೆ, ಜೊಲ್ಲು ಸುರಿದರೆ, ಎಬ್ಬಿಸಿದರೂ ಏಳದಿದ್ದರೆ ಒಂದು ನಿಮಿಷ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಹೆಸರು ಗೊತ್ತಾದರೆ ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡಿ ತಿಳಿಸಬೇಕಂತೆ. ವಾಚ್‌ಮನ್‌ಗೆ ಹೇಳಿ ಒಂದು ಆಟೋ ಗೇಟಿನಲ್ಲೇ ನಿಲ್ಲಿಸಿದ್ದೇನೆ. ಡ್ರೈವರ್ ಒಳಗೇ ಮಲಗಿದ್ದಾನೆ, ಅವನ ಕಾಲು ಹೊರಗೆ ಕಾಣುತ್ತಿದೆ.

ಗಿಡಗಳ ಮೇಳಕ್ಕೆ ನಾವಿಬ್ಬರೂ ಹೋದ ದಿನ ನೆನಪಿದೆಯೆ? ನನ್ನ ಮದುವೆಯಾಗಿ ಎರಡೇ ತಿಂಗಳು. ಎಲ್ಲರೂ ಗುಲಾಬಿಯ ಮುಂದೆ ನಿಂತಿದ್ದರೆ ನೀವು ಒಂದು ಒಣಕಲು ಕಡ್ಡಿಯ ಮುಂದೆ ನಿಂತಿರಿ. ಹೈಡ್ರೇಂಜಿಯಾ ಎಂದರೆ ಚೆಂಡಿನಂತೆ ದುಂಡಗೆ ಹೂ ಬಿಡುವುದೆಂದಷ್ಟೇ ನನಗೆ ಗೊತ್ತಿತ್ತು. ಅಂಗಡಿಯವನು ತೋರಿಸಿದ ಚಿತ್ರದಲ್ಲಿ ಹೂಗೊಂಚಲು ಉದ್ದಕ್ಕಿತ್ತು, ಬುಡ ಅಗಲ, ತುದಿ ಚೂಪು, ಬಿಳಿಜೋಳದ ತೆನೆಯ ಹಾಗೆ. "ತೆನಿ ಬಿಡೂ ಹೂವು ನೋಡವಾ!" ಎಂದು ನೀವು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಿರಿ. ಇದು ಥಂಡಿ ಸೀಮೆಯ ಗಿಡ, ಹೈದರಾಬಾದಿನ ಬಿಸಿಲಿಗೆ ಬದುಕುವುದಿಲ್ಲ ಮಾಂಜೀ ಎಂದು ಅವನೇ ಹಿಂದಿಯಲ್ಲಿ ಹೇಳಿದ. ಧಾರವಾಡದ ಥಂಡಿ ಬಿಟ್ಟುಬಂದ ನಾನು ಇಲ್ಲಿ ಮೂವತ್ತು ಬೇಸಿಗೆ ಬದುಕಿದ್ದೇನಲ್ಲ ಎಂದು ನೀವೂ ಹಿಂದಿಯಲ್ಲೇ ಅಂದಿರಿ. ಹಾಗಾದರೆ ಮಧ್ಯಾಹ್ನ ಇದನ್ನೂ ನಿಮ್ಮ ಪಕ್ಕ ನೆರಳಿನಲ್ಲಿ ಕೂರಿಸಿಕೊಳ್ಳಿ ಅಂದ ಅವನು. ಮನೆಗೆ ಬರುವ ತನಕ ಅದನ್ನೇ ಹೇಳಿಕೊಂಡು ನಕ್ಕಿರಿ.

ಆಮೇಲೆ ಬಾಲ್ಕನಿಯ ನೆಲದ ಮೇಲೆ ನೀವು ಸೀಮೆಸುಣ್ಣದಿಂದ ಎಳೆದ ಗೆರೆಗಳು! ಸರ್ಕಾರಿ ಶಾಲೆಯಲ್ಲಿ ಹೊಲಿಗೆ ಕಲಿಸಿದವರು ತಾನೆ ನೀವು, ಬಟ್ಟೆಯ ಮೇಲೆ ಗುರುತು ಹಾಕಿದಂತೆ ಬಿಸಿಲಿಗೂ ಗುರುತು ಹಾಕಿದಿರಿ. ಎಂಟು ಗಂಟೆಗೆ ಬಿಸಿಲು ಇಲ್ಲಿಗೆ, ಒಂಬತ್ತಕ್ಕೆ ಇಲ್ಲಿಗೆ, ಹತ್ತಕ್ಕೆ ಕುಂಡ ಗೋಡೆಯ ಹಿಂದೆ. ಚಳಿಗಾಲ ಬಂದರೆ ರಾತ್ರಿ ಫ್ರಿಜ್ಜಿನ ಐಸನ್ನು ಕುಂಡದ ಅಂಚಿಗೆ ಸುತ್ತ ಇಡುವುದು, ಅದಕ್ಕೆ ತನ್ನ ಊರು ನೆನಪಾಗಲಿ ಅಂತ. "ಅವ್ವಾ, ನಾಳೆ ಇದಕ್ಕೊಂದು ಸ್ವೆಟರ್ ಹಾಕ್ತೀ ನೋಡು," ಅಂತ ನಿಮ್ಮ ಮಗ ಪ್ರಸನ್ನ ಛೇಡಿಸುತ್ತಿದ್ದರು. ಗಿಡ ಎಲೆ ಬಿಟ್ಟಿತು, ಎತ್ತರವಾಯಿತು. ಹೂವು ಮಾತ್ರ ಒಂದು ವರ್ಷವೂ ಇಲ್ಲ. ನಿಮಗೆ ಬೇಸರವಾಗಲೇ ಇಲ್ಲವೆ, ಅತ್ಯಾ?

ಜೋಡಿ ಗಿಡ ಹುಡುಕುವುದರಲ್ಲಿ ನಾನೂ ಸೇರಿಕೊಂಡಿದ್ದೆ. ಇವರು ಆಫೀಸಿನಿಂದ ಇಂಟರ್‌ನೆಟ್ಟಿನ ಮೂರು ಹಾಳೆ ಪ್ರಿಂಟ್ ತಂದುಕೊಟ್ಟಿದ್ದರು, ಹೈಡ್ರೇಂಜಿಯಾದ ಬುಡದಲ್ಲಿ ಏನೇನು ಬೆಳೆಯಬಹುದು ಅಂತ. ನಾನು ಓದಿ ಹೇಳಿದ ಒಂದು ಹೆಸರೂ ಇಲ್ಲಿಯ ನರ್ಸರಿಯಲ್ಲಿ ಸಿಗುವಂಥದ್ದಲ್ಲ. "ಎಲ್ಲಾ ವಿಲಾಯತಿ ಬೀಗರು ಬಿಡು," ಅಂದಿರಿ. ಆದರೆ ಆ ಹಾಳೆಗಳಲ್ಲಿದ್ದ ಒಂದು ಮಾತನ್ನು ಎರಡು ಸಲ ಓದಿಸಿದಿರಿ: ಈ ಗಿಡದ ಎಲೆ, ಮೊಗ್ಗು ಹೊಟ್ಟೆಗೆ ಹೋದರೆ ಒಳ್ಳೆಯದಲ್ಲ ಎಂಬುದನ್ನು. ನಾನಾಗ ನಾಲ್ಕು ತಿಂಗಳ ಬಸುರಿ. ಮರುದಿನವೇ ಥಂಡಿ ಗಿಡ ಸ್ಟೂಲು ಏರಿತ್ತು.

ಸ್ಟೂಲಿನ ಮೇಲಿಟ್ಟುಕೊಂಡೇ ನೀವು ಒಂದೊಂದಾಗಿ ಬುಡಕ್ಕೆ ಹಚ್ಚಿ ನೋಡಿದಿರಿ. ನಾನು ತುಳಸಿ ಅಂದಾಗ, ಅದಕ್ಕೆ ದಿನವೆಲ್ಲ ಬಿಸಿಲು ಬೇಕು, ಇದಕ್ಕೆ ಬೇಡ, ಎರಡನ್ನೂ ಒಂದೇ ಕುಂಡದಲ್ಲಿ ಇಟ್ಟರೆ ಯಾರನ್ನು ಅಳಿಸಲಿ ಎಂದು ಕೇಳಿದಿರಿ. ದೊಡ್ಡಪತ್ರೆ ಹಚ್ಚಿದಿರಿ, ಇದಕ್ಕೆ ಬೇಕಾಗುವಷ್ಟು ನೀರಿಗೆ ಅದು ಕೊಳೆಯಿತು. ಗುಲಾಬಿ ಗೊಬ್ಬರವನ್ನೆಲ್ಲ ತಾನೇ ತಿನ್ನುತ್ತದೆ ಎಂದು ಬೇಡವಾಯಿತು. ಕೊನೆಗೆ ಒಂದು ಸಣ್ಣ ಜರಿಗಿಡ ನಿಂತುಕೊಂಡಿತು. ಥಂಡಿ ಗಿಡದ ಬೇರು ಮೇಲೇ ಹರಡುತ್ತದೆ, ಅದನ್ನು ಕೆದಕಬಾರದು, ಆದರೆ ಮಣ್ಣಿಗೆ ನೆರಳು ಮಾಡಬೇಕು, ಅಂಥದ್ದು ಬೇಕು ಅನ್ನುತ್ತಿದ್ದಿರಿ. "ಜೋಡಿ ಹುಡುಕೂದಂದ್ರ ಸೊಸಿ ತಂದಂಗ. ಬೇರು ನೋಡಿ ತರಬೇಕು. ನಿನ್ನ ತರೂಮುಂದ ನಾವು ಬರೇ ಎಲಿ ನೋಡಿ ಒಪ್ಪಿಬಿಟ್ವಿ," ಅಂತ ಬಸುರಿ ಸೊಸೆಯ ಮುಂದೆ ಅಂದವರು ನೀವು. ನಾನು ನಕ್ಕೆ. ಆದರೆ ಆ ರಾತ್ರಿ ಅದನ್ನೇ ಯೋಚಿಸಿದೆ. ಹೇಳಬೇಕಿತ್ತೇನೋ ನಿಮಗೆ.

ಚಿನ್ನಿ ಹುಟ್ಟಿದ ಮೇಲೆ, ಹೋದ ಡಿಸೆಂಬರಿನ ಒಂದು ಸಂಜೆ ನೀವು ಭಜನೆಯಿಂದ ಬರುವಾಗ ಒದ್ದೆ ಪೇಪರಿನಲ್ಲಿ ಏನನ್ನೋ ಸುತ್ತಿಕೊಂಡು ಬಂದಿರಿ. ದುಂಡೆಲೆ, ದಪ್ಪ, ಅಂಚು ನುಣುಪು. ಒಂದೆಲಗ ನನಗೆ ಗೊತ್ತು, ಅದಲ್ಲ ಇದು. ಮುರಿದರೆ ಹಾಲು ಬರುವುದಿಲ್ಲ, ನೀರಿನಂಥ ರಸ. "ಸಿಕ್ತು ನೋಡು ಜೋಡಿ," ಅಂದಿರಿ, ನನ್ನ ಕಡೆ ನೋಡಿಕೊಂಡೇ. ಏನದು ಎಂದು ನಾನು ಕೇಳಲಿ ಅಂತ ನಿಂತಿದ್ದಿರಿ. ನಾನು ಕೇಳಲಿಲ್ಲ. ಆ ಬೆಳಿಗ್ಗೆಯಷ್ಟೇ ನೀವು ಚಿನ್ನಿಯ ಮೊದಲ ಕುಂಚಿಗೆಯನ್ನು ಕತ್ತರಿಸಿ ಪಟ್ಟಿ ಪಟ್ಟಿ ಮಾಡಿದ್ದಿರಿ. ನನ್ನ ತಾಯಿ ಹೊಲಿದು ಕಳಿಸಿದ್ದು, ಹಳದಿ ಹೂವಿನದು. ಅದು ಅವಳ ತಲೆಗೆ ಬಿಗಿಯಾಗಿತ್ತು, ನಿಜ. ಆದರೂ ಎತ್ತಿಡಬಾರದೆ? ಒಂದು ಮಾತು ಕೇಳಬಾರದೆ? ಮೂರು ದಿನ ನಿಮ್ಮ ಜೊತೆ ಮಾತಾಡಲಿಲ್ಲ ನಾನು. ಆಮೇಲೆ ಮಾತಾಡಿದೆ, ಆದರೆ ಗಿಡಗಳ ವಿಷಯ ಮತ್ತೆ ಎತ್ತಲಿಲ್ಲ. ನೀವೂ ಎತ್ತಲಿಲ್ಲ. ಮಾಘದಲ್ಲಿ ಒಂದು ಬೆಳಿಗ್ಗೆ ಚಹಾ ಲೋಟ ಕೈಯಲ್ಲಿದ್ದ ಹಾಗೇ...

ಏಪ್ರಿಲಿನಲ್ಲಿ ಚಿನ್ನಿ ಎಲ್ಲ ಕಡೆ ಹರಿದಾಡತೊಡಗಿದಳು. ನಿಮ್ಮ ಕುಂಡಗಳಲ್ಲೆಲ್ಲ ಗಿಡಕ್ಕೊಂದು ಬಟ್ಟೆ ಚೂರು ಕಟ್ಟಿತ್ತಲ್ಲ, ಕೆಲವಕ್ಕೆ ಕುಂಚಿಗೆಯ ಹಳದಿ ಹೂವಿನದು, ಕೆಲವಕ್ಕೆ ನಿಮ್ಮ ಹಳೆಯ ಇಳಕಲ್ ಸೀರೆಯದು, ಅವನ್ನು ಎಳೆದು ಎಳೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ದೃಷ್ಟಿಯಾಗದಿರಲೆಂದು ಕಟ್ಟಿದ್ದೀರಿ ಅಂದುಕೊಂಡೆ ನಾನು. ಡಿಗ್ರಿ ಓದಿದವಳಿಗೆ ಅಷ್ಟೇ ಹೊಳೆದದ್ದು. ಒಂದು ಸಂಜೆ ಕತ್ತರಿ ತಂದು ಹನ್ನೊಂದನ್ನೂ ಕತ್ತರಿಸಿದೆ. ಎಸೆಯಲು ಮನಸ್ಸಾಗಲಿಲ್ಲ, ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟೆ. ಎಲ್ಲವನ್ನೂ ಒಟ್ಟಿಗೆ.

ಇವತ್ತು ಕ್ಲಿನಿಕ್ಕಿನಿಂದ ಬಂದಾಗ ಮಲ್ಲಮ್ಮ ಮನೆಗೆ ಹೋಗದೆ ಮೆಟ್ಟಿಲ ಮೇಲೇ ಕೂತಿದ್ದಳು. ಯಾದಗಿರಿ ಕಡೆಯ ಅವಳ ಜೊತೆ ನೀವು ಗಂಟೆಗಟ್ಟಲೆ ಕನ್ನಡ ಮಾತಾಡುತ್ತಿದ್ದಿರಲ್ಲ. ಕೂಸನ್ನು ಮುಟ್ಟಿ ನೋಡಿ, ಕುಂಡದ ಹತ್ತಿರ ಹೋಗಿ ಬಗ್ಗಿದಳು.

"ಹಿರೇ ಅಮ್ಮಾರು ಕಟ್ಟಿದ್ದ ಚಿಂದಿ ಎಲ್ಲಿ ಅದಾವ್ರಿ, ಅಕ್ಕಾರ?"

"ಕತ್ತರಿಸಿ ತಗದೀನಿ. ದೃಷ್ಟಿಗೆ ಕಟ್ಟಿದ್ದಲ್ಲೇನು ಅವು?"

"ದೃಷ್ಟಿ ಎಲ್ಲೀದ್ರಿ? ಕೂಸು ಬಾಯಾಗ ಹಾಕ್ಕೊಂಡ್ರ ಚಿಂತಿಲ್ಲ ಅನ್ನೂ ಗಿಡಕ್ಕ ಕೂಸಿನ ಕುಂಚಗಿ ಬಟ್ಟಿ. ಮುಟ್ಟಬಾರದ್ದಕ್ಕ ತಮ್ಮ ಸೀರಿ ಬಟ್ಟಿ. 'ನನ್ನ ಸೀರಿ ಐತಿ ಅಂದ್ರ ಅಲ್ಲಿ ನಾ ನಿಂತೀನಿ ಅಂತ ತಿಳಕೊ ಮಲ್ಲಮ್ಮ, ಕೂಸಿನ ಎತ್ಕೊ,' ಅಂತಿದ್ರು."

ಈ ದುಂಡೆಲೆಗೆ ಯಾವುದನ್ನು ಕಟ್ಟಿದ್ದರು ಎಂದು ಕೇಳಿದೆ. ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಸುಳ್ಳ ಹೇಳಬಾರದ್ರಿ ಇಂಥಾದ್ರಾಗ. ನಾ ನೆಲ ನೋಡಾಕಿ, ಗಿಡ ನೋಡಿಲ್ಲ," ಅಂದಳು.

ಅವಳಿಗೆ ಹೇಳಿದಿರಿ, ನನಗೆ ಹೇಳಲಿಲ್ಲ. ನಾನು ಕೇಳಲಿಲ್ಲ, ಸರಿ. ಆದರೂ...

ಹನ್ನೊಂದಕ್ಕೆ ಇವರ ಫೋನ್ ಬಂದಿತ್ತು. ಕೆಲಸದ ಕೋಣೆಯೊಳಗೆ ಮೊಬೈಲ್ ಬಿಡುವುದಿಲ್ಲವಲ್ಲ, ಊಟಕ್ಕೆ ಹೊರಗೆ ಬಂದಾಗ ಮಾಡಿದ್ದರು. ಇವತ್ತು ಅಮೆರಿಕದವರಿಗೆ ಏನೋ ಒಪ್ಪಿಸುವ ರಾತ್ರಿಯಂತೆ, ಆರೂವರೆಯ ಕ್ಯಾಬಿಗೇ ಬರುವುದು. "ಡಾಕ್ಟರ್ ನೋಡ್ಯಾರಲ್ಲ, ಯಾಕಿಷ್ಟು ಹೆದರ್ತಿ? ಅವ್ವ ವಿಷದ ಗಿಡ ತಂದು ಮನ್ಯಾಗ ಹಚ್ಚತಾಳೇನು?" ಅಂದರು. ನನಗೂ ಒಂದು ಕ್ಷಣ ಸಮಾಧಾನವಾಯಿತು. ಆದರೆ ಥಂಡಿ ಗಿಡವೇ ಒಳ್ಳೆಯದಲ್ಲ ಎಂದು ಗೊತ್ತಿದ್ದೂ ನೀವು ಇಟ್ಟುಕೊಂಡಿರಿ. ಸ್ಟೂಲಿನ ಮೇಲಿರುವ ಕುಂಡಕ್ಕೆ ಕೂಸಿನ ಕೈ ಎಟುಕುವುದಿಲ್ಲವೆಂಬ ಧೈರ್ಯಕ್ಕೆ ಅದರ ಜೋಡಿಯನ್ನೂ ಅಂಥದ್ದನ್ನೇ ತಂದಿದ್ದರೆ? ನೀವೇ ಅಲ್ಲಿ ನಿಂತಿರುತ್ತೀರೆಂದು ನಂಬಿದ್ದಿರಲ್ಲ.

ಹನ್ನೆರಡಕ್ಕೆ ನಾನು ಒಂದು ಕೆಲಸ ಮಾಡಿದೆ. ಇವರಿಗೂ ಹೇಳಿಲ್ಲ. ಬಾಲ್ಕನಿಗೆ ಹೋಗಿ ಅದೇ ಗಿಡದ ಮೂರು ಎಲೆ ಕಿತ್ತು ತಿಂದೆ. ಅವಳು ಮೂರು ತಿಂದಿದ್ದರೆ ನನಗೂ ಮೂರು, ಏನಾಗುತ್ತದೆ ನೋಡೋಣ ಅಂತ. ಸ್ವಲ್ಪ ಹುಳಿ, ಆಮೇಲೆ ಬಾಯಿ ತಂಪು, ಅಷ್ಟೇ. ಅಷ್ಟೇ ಅಂದುಕೊಂಡಿದ್ದೆ. ಒಂದು ಗಂಟೆಯಿಂದ ಎರಡೂ ಇಪ್ಪತ್ತರ ತನಕ ನನಗೆ ತಿಳಿಯದೆ ಕಣ್ಣು ಮುಚ್ಚಿತಲ್ಲ, ಅತ್ಯಾ, ಅದು ನಿದ್ದೆಯೇ? ಮೂರು ದಿನದಿಂದ ಸರಿಯಾಗಿ ಮಲಗಿಲ್ಲ, ಚಿನ್ನಿಗೆ ದವಡೆ ಹಲ್ಲು ಬರುತ್ತಿದೆ, ನಿದ್ದೆಯೇ ಇರಬೇಕು. ಆದರೆ ನನಗೂ ಮಂಪರು ಹತ್ತಿದರೆ ಅವಳನ್ನು ಎಬ್ಬಿಸುವವರು ಯಾರು? ತಿನ್ನುವಾಗ ಇದು ಹೊಳೆಯಲೇ ಇಲ್ಲ ನನಗೆ. ಈಗ ನಿಂತುಕೊಂಡೇ ಬರೆಯುತ್ತಿದ್ದೇನೆ, ಫ್ರಿಜ್ಜಿನ ಮೇಲೆ ಹಾಳೆಯಿಟ್ಟುಕೊಂಡು.

ಮೂರೂವರೆ. ಎಬ್ಬಿಸಿದೆ, ಅತ್ತಳು. ಅಳಲಿ, ಎಷ್ಟು ಬೇಕಾದರೂ ಅಳಲಿ. ಒಂದು ಚಮಚ ನೀರು ಕುಡಿದಳು. ಭುಜದ ಮೇಲೆ ಹಾಕಿಕೊಂಡು ಡಬ್ಬಿ ತೆರೆದೆ. ಹನ್ನೊಂದು ಬಟ್ಟೆ ಚೂರುಗಳನ್ನೂ ಟೇಬಲ್ ಮೇಲೆ ಜೋಡಿಸಿದೆ. ಥಂಡಿ ಗಿಡದ ಕಾಂಡ ದಪ್ಪ, ಹಾಗಾಗಿ ಅದರದ್ದು ಉದ್ದದ ಚೂರು, ಸೀರೆಯದು. ಅದು ಗೊತ್ತಾಯಿತು. ಬೇರೆ ಕುಂಡಗಳದ್ದೂ ಅಳತೆ ನೋಡಿ ಒಂದೊಂದಾಗಿ ಹೊಂದಿದವು. ಉಳಿದವು ಎರಡು, ಎರಡೂ ಗಿಡ್ಡ, ಬೆರಳುದ್ದದವು. ಥಂಡಿ ಗಿಡದ ಕುಂಡದಲ್ಲಿ ಸಣ್ಣ ಗಿಡಗಳೂ ಎರಡೇ, ಜರಿಗಿಡ ಮತ್ತು ದುಂಡೆಲೆ. ಒಂದು ಚೂರು ಹಳದಿ ಹೂವಿನದು. ಇನ್ನೊಂದು ನಿಮ್ಮ ಸೀರೆಯದು. ಮೂಸಿ ನೋಡಿದೆ, ಬರೀ ಮಣ್ಣಿನ ವಾಸನೆ. ಗಂಟಿನೊಳಗೆ ಎಲೆಯ ಎಳೆ ಸಿಕ್ಕಿದೆಯೇನೋ ಎಂದು ಸೂಜಿಯಿಂದ ಬಿಡಿಸಿ ನೋಡಿದೆ. ಏನೂ ಇಲ್ಲ. ಎಷ್ಟು ಅಚ್ಚುಕಟ್ಟಾಗಿ ಹಾಕುತ್ತಿದ್ದಿರಿ ಗಂಟನ್ನು.

ಬೆಳಿಗ್ಗೆ ಕುಂಡ ಇಳಿಸಿದ್ದಕ್ಕೆ ಇನ್ನೊಂದು ಕಾರಣವಿದೆ ಅಂದಿದ್ದೆ. ಥಂಡಿ ಗಿಡಕ್ಕೆ ತೆನೆ ಬಂದಿದೆ, ಅತ್ಯಾ. ಒಂದೇ ಒಂದು. ನೀವು ಹೋದ ಮೇಲೆ ಅದನ್ನು ಒಂದು ಮೊಳ ಬಿಟ್ಟು ಕತ್ತರಿಸಿದ್ದೆ, ಚಳಿಗಾಲದ ಕೊನೆಗೆ ಕತ್ತರಿಸಿದರೆ ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆಂದು ಆ ಹಾಳೆಗಳಲ್ಲಿತ್ತು. ಚಳಿ ಮುಗಿಯುವ ತನಕ ರಾತ್ರಿ ಐಸನ್ನೂ ಇಟ್ಟೆ, ಯಾರಿಗೂ ಕಾಣದ ಹಾಗೆ. ಈಗ ಸಾಬೂದಾನಿಯಂಥ ಮೊಗ್ಗು, ಕೆಳಗಿನವು ಬಿಳಿಯಾಗುತ್ತಿವೆ, ತುದಿ ಇನ್ನೂ ಹಸಿರು. ಭಾರಕ್ಕೆ ರೆಂಬೆ ಬಾಗಿದೆ. ಗಾಳಿಗೆ ಮುರಿಯಬಾರದೆಂದು ಇಳಿಸಿದೆ. ಹೂವೊಂದನ್ನು ಉಳಿಸಲು ಹೋಗಿ ನಾನು ಎಂಥ ಕೆಲಸ ಮಾಡಿಬಿಟ್ಟೆ? ಅವಳು ನಾಲ್ಕು ಹೆಜ್ಜೆ ನಡೆದದ್ದು ಆ ಬಿಳುಪನ್ನು ನೋಡಿಯೇ ಇರಬೇಕು.

ನಾಲ್ಕೂ ಹತ್ತು. ನಿಮ್ಮ ಮೊಬೈಲ್ ಕಪಾಟಿನಲ್ಲಿ, ನಿಮ್ಮ ಕನ್ನಡಕದ ಪಕ್ಕದಲ್ಲಿತ್ತು. ಅದನ್ನು ತೆಗೆದು ಚಾರ್ಜಿಗೆ ಹಾಕಿದ್ದೇನೆ. ಯಾಕೆಂದು ಕೇಳಬೇಡಿ. ಭಜನೆಗೆ ಹೋದಾಗ ನೀವು ಮಿಸ್ಡ್ ಕಾಲ್ ಕೊಡುತ್ತಿದ್ದಿರಲ್ಲ. ಒಂದೇ ರಿಂಗ್ ಆಗಿ ನಿಂತರೆ ಸುಖವಾಗಿ ಮುಟ್ಟಿದ್ದೇನೆ, ಎತ್ತಬೇಡ ಅಂತ. ನಿಲ್ಲದೆ ಬಡಿದುಕೊಂಡರೆ ಏನೋ ಆಗಿದೆ, ಓಡಿ ಬಾ ಅಂತ. ನನ್ನ ಮೊಬೈಲನ್ನು ಕೈಯಲ್ಲೇ ಹಿಡಿದುಕೊಂಡಿದ್ದೇನೆ. ಚಿನ್ನಿ ಭುಜದ ಮೇಲಿದ್ದಾಳೆ. ಉಸಿರು ಕುತ್ತಿಗೆಗೆ ತಾಗುತ್ತಿದೆ, ಬಿಸಿಯಾಗಿಯೇ ಇದೆ, ಆದರೆ ನಿಧಾನವಾಗಿದೆ. ಅಥವಾ ನನಗೆ ಹಾಗನ್ನಿಸುತ್ತಿದೆಯೆ?

ಫೋನ್ ಮಾಡಿ ಅತ್ಯಾ. ಕುಂಚಿಗೆಗಾಗಿ ಮಾತು ಬಿಟ್ಟದ್ದು ತಪ್ಪಾಯಿತು. ಇನ್ನು ಮೇಲೆ ನೀವು ಏನು ಬೇಕಾದರೂ ಕತ್ತರಿಸಿ, ಕೇಳುವುದಿಲ್ಲ. ದುಂಡೆಲೆಗೆ ಕಟ್ಟಿದ್ದು ಹಳದಿ ಹೂವಿನ ಬಟ್ಟೆಯಾದರೆ ಒಂದೇ ರಿಂಗ್ ಕೊಟ್ಟು ಇಟ್ಟುಬಿಡಿ, ನಾನು ಎತ್ತುವುದಿಲ್ಲ. ನಿಮ್ಮ ಸೀರೆಯದಾದರೆ ನಾನು ಎತ್ತುವ ತನಕ ಬಿಡಬೇಡಿ, ಆಟೋ ಕೆಳಗೇ ಇದೆ. ಬೆಳಕು ಹರಿಯುವ ಮುಂಚೆ ಮಾಡಿ. ಒಂದೇ ರಿಂಗ್ ಆಗಲಿ, ಅತ್ಯಾ, ಒಂದೇ.